ಮಾಲೀಕರು ವಾಸವಿರುವ ಮನೆ

ಪುರಸಭೆಯ ಅಂಜನ್ ಕುಮಾರ್ ಬಂದಾಗ ಮಂಜುಶ್ರೀ ತಾರಸಿಯ ಮೇಲೆ ಬೆಡ್‌ಶೀಟು ಒಣಹಾಕುತ್ತಿದ್ದಳು. ವಾರದ ಕೊನೆಗೆ ಬಂದಿದ್ದ ಗಿರಾಕಿಗಳು ಮಧುಗಿರಿ ಕೋಟೆ ಹತ್ತಿಳಿದು ಆಗಲೇ ಬೆಂಗಳೂರಿಗೆ ಹೊರಟುಹೋಗಿದ್ದರು. ಬಕೆಟ್ಟನ್ನು ಅಲ್ಲೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೆಳಗಿಳಿದು ಬಂದಳು.

"ಮನೆ ಯಾರ ಹೆಸರಲ್ಲಿದೆ ಮೇಡಂ?" ಎಂದ ಅಂಜನ್ ಕುಮಾರ್, ನಡುಮನೆಯಲ್ಲಿ ನಿಂತು ಸುತ್ತ ನೋಡುತ್ತ.

"ನಮ್ಮತ್ತೆ ಹೆಸರಲ್ಲಿ. ಶಿವರುದ್ರಮ್ಮ ಅಂತ."

"ಅವರು ಇಲ್ಲೇ ಇರ್ತಾರಾ?"

"ಇಲ್ಲ, ನಾವೆಲ್ಲ ಬಡಾವಣೆ ಮನೇಲಿದೀವಿ. ನಾನು ದಿನಾ ಬಂದು ನೋಡ್ಕೊಂಡು ಹೋಗ್ತೀನಿ."

"ಹಂಗಾದ್ರೆ ಕಷ್ಟ ಆಗುತ್ತೆ." ಅಂಜನ್ ಕುಮಾರ್ ಗಟ್ಟಿಯಾಗಿ ಮಾತಾಡುವವನಲ್ಲ. ಹೇಳುವುದನ್ನು ಮೆಲ್ಲಗೆ, ಎರಡೆರಡು ಸಲ ಹೇಳುವವನು. "ಹೋಂಸ್ಟೇ ಅಂದ್ರೆ ಮಾಲೀಕರು ಅದೇ ಮನೇಲಿ ವಾಸ ಇರ್ಬೇಕು. ತಾವಿದ್ದು ಮಿಕ್ಕ ರೂಮು ಕೊಟ್ರೆ ಅದು ಹೋಂಸ್ಟೇ. ಕೀ ಕೊಟ್ಟು ಹೊರಟುಹೋದ್ರೆ ಲಾಡ್ಜು. ಈ ಬೀದೀಲಿ ಲಾಡ್ಜಿಗೆ ಪರ್ಮಿಷನ್ ಇಲ್ಲ. ಪರವಾನಗಿ ರಿನ್ಯೂವಲ್‌ಗೆ ಬಂದಿದೆ, ಮೇಲೆ ದೂರು ಬೇರೆ ಇದೆ. ಮಾಲೀಕರು ವಾಸ ಇದ್ರೆ ಮುಂದುವರಿಸ್ತೀವಿ, ಇಲ್ದಿದ್ರೆ ಇಲ್ಲ. ನಾನು ಯಾವಾಗ ಬೇಕಾದ್ರೂ ಬಂದು ನೋಡ್ಬೋದು, ಹೇಳಿ ಬರಲ್ಲ."

ದೂರು ಕೊಟ್ಟವರು ಯಾರೆಂದು ಮಂಜುಶ್ರೀ ಕೇಳಬೇಕಾಗಿರಲಿಲ್ಲ. ಹಿಂದಿನ ವಾರ ಬಂದಿದ್ದ ಹುಡುಗರು ತಾರಸಿಯ ಮೇಲೆ ಹಾಡು ಹಾಕಿಕೊಂಡು ಕುಣಿದು, ಬಿಯರ್ ಬಾಟಲಿಯೊಂದನ್ನು ಪಕ್ಕದ ಶಂಕರಲಿಂಗಪ್ಪನವರ ಹಿತ್ತಿಲಿಗೆ ಬೀಳಿಸಿದ್ದರು. ಬಾಟಲಿ ಒಡೆದದ್ದು ತುಳಸಿಕಟ್ಟೆಯ ಮೇಲೆ.

ಕೋಟೆಯ ಬುಡದಲ್ಲಿರುವ ಆ ಮನೆ ಬಸವಲಿಂಗಯ್ಯನವರದು ಎಂದೇ ಊರಿಗೆ ಗೊತ್ತು. ಅವರು ಹುಣಸೆಹಣ್ಣಿನ ಮಂಡಿಯವರು. ಅಣ್ಣತಮ್ಮಂದಿರು ಪಾಲಾದಾಗ, ಹೆಂಗಸರ ಹೆಸರಲ್ಲಿದ್ದರೆ ಮುಂದೆ ತಕರಾರು ಕಡಿಮೆ ಎಂದು ವಕೀಲರು ಹೇಳಿದ್ದರಿಂದ ಮನೆಯನ್ನು ಹೆಂಡತಿ ಶಿವರುದ್ರಮ್ಮನ ಹೆಸರಿಗೆ ಬರೆಸಿದ್ದರು. ಮಗ ಗೌರೀಶ ಬಡಾವಣೆಯಲ್ಲಿ ಕಾರು ನಿಲ್ಲುವಂಥ ಮನೆ ಕಟ್ಟಿಸಿದ ಮೇಲೆ ಎಲ್ಲರೂ ಅಲ್ಲಿಗೆ ಹೋದರು. ಹಳೆಯ ಮನೆಗೆ ಬೀಗ ಬಿತ್ತು. ಆ ಬೀಗ ತೆಗೆಸಿದವಳು ಸೊಸೆ ಮಂಜುಶ್ರೀ. ಕೋಟೆ ಹತ್ತಲು ಬಂದವರು ಬೆಳಗಿನ ಜಾವ ಮಲಗಲು ಜಾಗವಿಲ್ಲದೆ ಕಾರಿನಲ್ಲೇ ತೂಕಡಿಸುವುದನ್ನು ಅವಳು ನೋಡಿದ್ದಳು.

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಮಂಜುಶ್ರೀ ವಿಷಯ ಹೇಳಿದಳು. ಶಿವರುದ್ರಮ್ಮ ಮುದ್ದೆ ಬಡಿಸುತ್ತಿದ್ದರು. ಹುರುಳಿಕಾಳಿನ ಸಾರು.

ಗೌರೀಶನಿಗೆ ಇದು ತೊಂದರೆ ಅನ್ನಿಸಲೇ ಇಲ್ಲ. ತಾಲ್ಲೂಕು ಕಚೇರಿಯ ಎದುರು ಅವನದು ಜೆರಾಕ್ಸ್ ಅಂಗಡಿ. ಇಡೀ ದಿನ ಬೇರೆಯವರ ಅರ್ಜಿ ತುಂಬಿ ಕೊಡುವುದೇ ಕೆಲಸ.

"ಅಷ್ಟೇ ತಾನೆ? ಅಮ್ಮನ ಆಧಾರ್ ಅಡ್ರೆಸ್ ಆ ಮನೆಗೆ ಬದಲಾಯಿಸಿಬಿಡೋಣ. ಒಂದು ಮಂಚ ಹಾಕಿ, ತಂತಿ ಮೇಲೆ ನಾಲ್ಕು ಸೀರೆ ಹರವಿದ್ರಾಯ್ತು. ಬಂದೋರು ಇದಾರೆ ಅಂದ್ಕೊಂಡು ಹೋಗ್ತಾರೆ."

"ಅಮ್ಮ ಎಲ್ಲಿ ಅಂದ್ರೆ?" ಮಂಜುಶ್ರೀ ಕೇಳಿದಳು.

"ದೇವಸ್ಥಾನಕ್ಕೆ ಹೋಗಿದಾರೆ ಅನ್ನು."

"ಅವರು ಬಂದಾಗೆಲ್ಲ ದೇವಸ್ಥಾನಕ್ಕಾ?"

ಬಸವಲಿಂಗಯ್ಯ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು. "ಮುಚ್ಚಿ ಬುಡಿ ಅತ್ಲಾಗೆ. ಮನೇನ ಲಾಡ್ಜು ಮಾಡ್ಬ್ಯಾಡ್ರಿ ಅಂತ ನಾನು ಮೊದ್ಲೇ ಹೇಳ್ದೆ. ಶಂಕರಲಿಂಗಪ್ಪ ಮಂಡಿಗೆ ಬಂದು ನಾಕು ಜನರ ಮುಂದೆ ಕೇಳ್ತಾನೆ, ಏನ್ ಬಸವಲಿಂಗಣ್ಣ, ಬಾರು ಯಾವಾಗ ತೆಗೀತೀಯ ಅಂತ. ತಲೆ ಎತ್ತಕ್ಕಾಯ್ತದಾ?"

"ಮುಚ್ಚೋದು ಸುಲಭ ಮಾವ," ಎಂದಳು ಮಂಜುಶ್ರೀ. "ಬೀಗ ಹಾಕಿದ್ದಾಗ ಅಲ್ಲಿ ಹೆಗ್ಗಣ ಓಡಾಡ್ತಿದ್ವು. ಬಾತ್‌ರೂಮು ಕಟ್ಟಿಸಿದ್ದು, ಸೋರೋ ಕಡೆ ಸರಿ ಮಾಡಿಸಿದ್ದು, ಗೋಡೆಗೆ ಬಣ್ಣ ಹೊಡೆದಿದ್ದು ನಾನು. ತವರಿನ ಬಳೆ ಮಾರಿದೀನಿ. ಈಗ ಮುಚ್ಚು ಅಂದ್ರೆ ಮುಚ್ಚಲ್ಲ."

"ಅಲ್ಲಿ ಯಾರಿರ್ಬೇಕಂತೆ?" ಸಾರಿನ ಪಾತ್ರೆ ಹಿಡಿದು ನಿಂತಿದ್ದ ಶಿವರುದ್ರಮ್ಮ ಕೇಳಿದರು.

"ನೀವೇ ಅತ್ತೆ. ಮನೆ ನಿಮ್ಮ ಹೆಸರಲ್ಲಿದೆಯಲ್ಲ."

"ಹಂಗಾದ್ರೆ ನಾನು ಹೋಗಿ ಇರ್ತೀನಿ."

ಗೌರೀಶ ನಕ್ಕ. "ಅದನ್ನೇ ಅಲ್ವೇನಮ್ಮ ನಾನು ಹೇಳ್ತಿರೋದು, ನೀನು ಅಲ್ಲಿದೀಯ ಅಂತ ಬರೆಯೋಣ."

"ಬರೆಯೋದಲ್ಲ ಕಣೋ. ಇರ್ತೀನಿ. ನಾಟಕಕ್ಕೆ ನನ್ನ ಸೀರೆ ಯಾಕೆ ತಂತಿ ಮೇಲೆ ಹಾಕ್ತೀಯ?"

"ನಿನ್ ಹೆಸರಲ್ಲಿರೋದು ಹೆಸರಿಗೆ ಕಣೆ," ಎಂದರು ಬಸವಲಿಂಗಯ್ಯ. "ವಕೀಲ ಹೇಳ್ದ ಅಂತ ಬರೆಸಿದ್ದು."

"ಹೆಸರಿಗೇ ಇರ್ಲಿ. ಅವ್ರು ಕೇಳ್ತಿರೋದೂ ಆ ಹೆಸರಿನೋಳನ್ನೇ ತಾನೆ?"

ಶಿವರುದ್ರಮ್ಮ ಸಾರಿನ ಪಾತ್ರೆಯನ್ನು ಕೆಳಗಿಟ್ಟರು.

"ಮತ್ತೆ ಇಲ್ಲಿ ಅಡುಗೆ?" ಎಂದ ಗೌರೀಶ.



ಆ ವಾರವೇ ಶಿವರುದ್ರಮ್ಮ ಹೊರಟರು. ಒಂದು ಟ್ರಂಕು, ಹಾಸಿಗೆ, ಪೂಜೆಯ ಬಟ್ಟಲು, ರಾಗಿಹಿಟ್ಟಿನ ಡಬ್ಬ ಆಟೋಗೆ ಏರಿದವು. ಬಸವಲಿಂಗಯ್ಯ ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದರು. ತಲೆ ಎತ್ತಲಿಲ್ಲ.

"ಈ ವಯಸ್ಸಲ್ಲಿ ಹೆಂಡ್ತೀನ ಆಚೆಗೆ ಹಾಕ್ದ ಅಂತಾರೆ ಜನ."

"ಅಂದೋರನ್ನ ಪುರಸಭೆಗೆ ಕಳ್ಸಿ. ಅಲ್ಲಿ ಹೇಳ್ತಾರೆ ಯಾಕೆ ಅಂತ," ಎಂದರು ಶಿವರುದ್ರಮ್ಮ. ಆಟೋ ಹತ್ತುವ ಮುಂಚೆ ಮತ್ತೆ ತಿರುಗಿ, "ಮಂಡಿಗೂ ಆ ಮನೆಗೂ ನಾಕು ಹೆಜ್ಜೆ. ಮಧ್ಯಾಹ್ನ ಊಟಕ್ಕೆ ಅಲ್ಲಿಗೇ ಬನ್ರಿ," ಎಂದರು.

"ಕಾಸು ಕೊಟ್ಟು ಉಣ್ಣೋರ ಪಂಕ್ತೀಲಿ ನಾನು ಕೂರಲ್ಲ."

ಹಳೆಯ ಮನೆಯಲ್ಲಿ ಅಡುಗೆಮನೆ ಪಕ್ಕದ ಚಿಕ್ಕ ಕೋಣೆಯನ್ನು ಮಂಜುಶ್ರೀ ಅತ್ತೆಗೆಂದು ಗುಡಿಸಿಟ್ಟಿದ್ದಳು. ಶಿವರುದ್ರಮ್ಮ ಅದರ ಬಾಗಿಲಲ್ಲಿ ನಿಂತು ನೋಡಿ, ಟ್ರಂಕನ್ನು ಮುಂದಿನ ದೊಡ್ಡ ಕೋಣೆಗೆ ಎಳೆಸಿದರು.

"ಅತ್ತೆ, ಅದರ ಕಿಟಕಿಯಿಂದ ಬೆಟ್ಟ ಕಾಣುತ್ತೆ. ಬಂದೋರೆಲ್ಲ ಅದನ್ನೇ ಕೇಳೋದು."

"ನಂಗೂ ಕಾಣ್ಲಿ ಬುಡು. ಅಡುಗೆಮನೆ ಪಕ್ಕ ಮಲಗಿ ಸಾಕಾಗೈತೆ."

ಮಂಜುಶ್ರೀ ಟ್ರಂಕಿಗೆ ಕೈಕೊಟ್ಟಳು. ಅತ್ತೆ ಒಪ್ಪಿ ಬಂದದ್ದೇ ದೊಡ್ಡದು, ಒಂದು ಕೋಣೆ ಹೋದರೆ ಹೋಗಲಿ ಅಂದುಕೊಂಡಳು.

ಬಡಾವಣೆಯ ಮನೆಯಲ್ಲಿ ಮಾರನೆಯ ದಿನದಿಂದಲೇ ರಂಪ ಶುರುವಾಯಿತು. ಬೆಳಿಗ್ಗೆ ಎದ್ದರೆ ಕಾಫಿ ಇಲ್ಲ. ಮಕ್ಕಳಿಬ್ಬರ ಡಬ್ಬಿಗೆ ಚಿತ್ರಾನ್ನ ಕಲಸಿಟ್ಟು ಮಂಜುಶ್ರೀ ಸ್ಕೂಟಿ ಹತ್ತಿದರೆ, ಮಾವನ ಪೂಜೆಗೆ ಹೂವು ಬಿಡಿಸುವವರಿಲ್ಲ. ಸಂಜೆ ಅವಳು ತಿರುವಿದ ಮುದ್ದೆಯಲ್ಲಿ ಗಂಟು. ಬಸವಲಿಂಗಯ್ಯ ಗಂಟುಗಳನ್ನು ಒಂದೊಂದಾಗಿ ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು.

"ಹೋಟ್ಲಿಂದ ತರ್ತೀನಿ ಬಿಡು," ಎಂದ ಗೌರೀಶ ಒಂದು ದಿನ.

"ದಿನಾ ತರ್ತೀರಾ?" ಮಂಜುಶ್ರೀ ಸೌಟು ಕೆಳಗಿಟ್ಟಳು. "ಅತ್ತೆ ಇದ್ದಾಗ ಈ ಮನೇಲಿ ಕೆಲಸವೇ ಇಲ್ಲ ಅಂತಿದ್ರಿ. ಈಗ ನೋಡಿ, ಎಷ್ಟಿದೆ ಅಂತ. ನಂಗಿರೋದು ಎರಡೇ ಕೈ. ನಿಮಗೂ ಎರಡಿದೆ."

"ನಾನು ಅಂಗಡಿ ನೋಡ್ಬೇಕಲ್ಲ?"

"ಅಂಗಡಿ ತೆಗೆಯೋದು ಹತ್ತು ಗಂಟೆಗೆ. ಕಾಫಿ ಕುಡಿಯೋದು ಆರಕ್ಕೆ."

ಗೌರೀಶ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ತಾನೇ ಹಾಲು ಕಾಯಿಸಿದ, ಉಕ್ಕಿಸಿದ, ಒಲೆ ಒರೆಸಿದ. ಅಪ್ಪನಿಗೆ ಲೋಟ ಕೊಟ್ಟಾಗ ಬಸವಲಿಂಗಯ್ಯ ಒಂದು ಗುಟುಕು ಕುಡಿದು, "ಇದೇನೋ, ಪಾನಕವಾ?" ಎಂದರು. ಮಾರನೆಯ ದಿನ ಸಕ್ಕರೆ ಕಡಿಮೆ ಹಾಕಿದ.

ಇತ್ತ ಹಳೆಯ ಮನೆಯಲ್ಲಿ ಶಿವರುದ್ರಮ್ಮ ನಸುಕಿನಲ್ಲೇ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದರು. ಕೋಟೆಗೆ ಹೊರಡುವವರಿಗೆ ಟೀ ಕೊಡುತ್ತಿದ್ದರು. ಇಳಿದು ಬರುವಷ್ಟರಲ್ಲಿ ಅಕ್ಕಿರೊಟ್ಟಿ, ಕಡ್ಲೆಕಾಯಿ ಚಟ್ನಿ ತಯಾರಿರುತ್ತಿತ್ತು. ಬೆಂಗಳೂರಿನಿಂದ ಬಂದ ಹುಡುಗಿಯರು ಒಲೆಯ ಮುಂದೆಯೇ ಕೂತು ತಿಂದು, "ಅಜ್ಜಿ, ಇನ್ನೊಂದು," ಎನ್ನುತ್ತಿದ್ದರು.

ಆಮೇಲೊಂದು ಶನಿವಾರ ಇಡೀ ಮನೆ ಬೇಕೆಂದು ಐದು ಜನ ಗಂಡಸರು ಮೊದಲೇ ಹೇಳಿಟ್ಟು ಬಂದರು. ಹೊತ್ತು ಮುಳುಗುವ ಮುಂಚೆಯೇ ಕಾರಿನಿಂದ ಒಂದು ಪೆಟ್ಟಿಗೆ ಇಳಿಸಿದರು. ಒಳಗೆ ಗಾಜಿನ ಸದ್ದು.

ಶಿವರುದ್ರಮ್ಮ ಬಾಗಿಲಿಗೆ ಅಡ್ಡ ನಿಂತರು. "ಏನ್ರಪ್ಪಾ ಅದು?"

"ಏನಿಲ್ಲ ಆಂಟಿ, ಕೂಲ್ ಡ್ರಿಂಕ್ಸ್."

"ಅದಾದ್ರೆ ಬರ್ಲಿ. ಬೇರೆದಾದ್ರೆ ಕಾರಲ್ಲೇ ಇರ್ಲಿ."

"ನಾವು ಫುಲ್ ಪೇಮೆಂಟ್ ಮಾಡಿದೀವಿ ಆಂಟಿ," ಎಂದ ಅವರಲ್ಲೊಬ್ಬ. "ಲಾಡ್ಜಲ್ಲಿ ಯಾರೂ ಕೇಳಲ್ಲ ಇದನ್ನೆಲ್ಲ."

"ಅದಕ್ಕೇ ಹೇಳ್ತಿರೋದು, ಇದು ಲಾಡ್ಜಲ್ಲ. ನಾನು ಇಲ್ಲೇ ಉಣ್ತೀನಿ, ಇಲ್ಲೇ ಮಲಗ್ತೀನಿ. ನಿಮ್ಮ ಮನೇಲಿ ನಿಮ್ಮವ್ವ ಮಲಗಿದ್ರೆ ಪಕ್ಕದ ರೂಮಲ್ಲಿ ಕೂತು ಕುಡೀತೀರಾ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬ, "ಬಾರೋ ಹೋಗೋಣ," ಎಂದು ಪೆಟ್ಟಿಗೆ ಎತ್ತಿಕೊಂಡ. ಕಾರು ತಿರುಗಿಸಿಕೊಂಡು ಹೋದರು. ಪಕ್ಕದ ಜಗಲಿಯಲ್ಲಿ ಕೂತು ಶಂಕರಲಿಂಗಪ್ಪ ಎಲ್ಲ ನೋಡಿದರು.

ಭಾನುವಾರ ಬೆಳಿಗ್ಗೆ ಬಂದ ಮಂಜುಶ್ರೀ ಸ್ಕೂಟಿ ಸ್ಟ್ಯಾಂಡ್ ಹಾಕುವುದಕ್ಕೂ ಕಾಯಲಿಲ್ಲ.

"ಅತ್ತೆ, ಒಂದು ಫೋನು ಮಾಡ್ಬಾರದಾ? ದುಡ್ಡೆಲ್ಲ ವಾಪಸ್ ಕೇಳ್ತಿದಾರೆ. ಫೋನಲ್ಲಿ ಬುಕಿಂಗ್ ಮಾಡೋ ಕಡೆ ಬೇರೆ ಕೆಟ್ಟದಾಗಿ ಬರ್ದಿದಾರೆ, ನಾಳೆ ಯಾರು ಬರ್ತಾರೆ?"

"ಬಾಟ್ಲಿ ತಂದಿದ್ರು."

"ತಂದಿದ್ರೆ ನಾನು ಬಂದು ಮಾತಾಡ್ತಿದ್ದೆ. ಈ ಮನೇನ ಈ ಮಟ್ಟಕ್ಕೆ ತಂದೋಳು ನಾನು. ನೀವು ಇರೋಕೆ ಬಂದ್ರಿ ಅಂದ್ಕೊಂಡೆ. ಆಳೋಕೆ ಬಂದ್ರಿ ಅಂತ ಗೊತ್ತಿರ್ಲಿಲ್ಲ."

ಶಿವರುದ್ರಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ದುಡ್ಡು ವಾಪಸ್ ಕೊಡು. ಅದು ನಿನ್ನ ಗಂಟಿಂದ ಹೋಗ್ಬಾರ್ದು, ನನ್ನ ವೃದ್ಧಾಪ್ಯ ಪೆನ್ಷನ್ನಿಂದ ಹೋಗ್ಲಿ. ಆದ್ರೆ ಕೂತ್ಕೋ, ಒಂದು ಮಾತು ಹೇಳ್ತೀನಿ."

ಮಂಜುಶ್ರೀ ಕೂರಲಿಲ್ಲ. ಕಂಬಕ್ಕೆ ಒರಗಿ ನಿಂತಳು.

"ನಾನು ಮದ್ವೆಯಾಗಿ ಬಂದಾಗ ನಮ್ಮತ್ತೆ ಮನೆ ಇದು. ಆಮೇಲೆ ನಿಮ್ಮಾವನ ಮನೆ. ಆಮೇಲೆ ನನ್ನ ಮಗನ ಮನೆ. ಎಲ್ಲೂ ನನ್ನ ಯಾರೂ ಬೈಲಿಲ್ಲ, ಹೊಡೀಲಿಲ್ಲ, ಬೈದ್ರು ಅಂತ ಸುಳ್ಳು ಹೇಳಕಾಗಲ್ಲ. ಆದ್ರೆ ಬಂದೋರಿಗೆ ಇಂತಾದ್ದು ಬ್ಯಾಡ ಅನ್ನೋಕೆ ನಂಗೆ ಬಾಯಿರ್ಲಿಲ್ಲ. ನೆನ್ನೆ ಬಾಗಿಲಲ್ಲಿ ನಿಂತು ಅಂದ್ಬುಟ್ಟೆ. ಅಂದ್ಮೇಲೆ ಬಾಗಿಲಿಗೆ ಎರಡೆರಡು ಚಿಲಕ ಹಾಕ್ಕೊಂಡೆ ಕಣಮ್ಮ. ಆದ್ರೂ ನಾಳೆ ಬಂದ್ರೂ ಅನ್ತೀನಿ."

"ಹಂಗಾದ್ರೆ ನಾನ್ಯಾರು ಇಲ್ಲಿ? ಬೆಡ್‌ಶೀಟು ಒಗೆಯೋಳಾ?"

ಶಿವರುದ್ರಮ್ಮ ಸುಲಿಯುವುದನ್ನು ನಿಲ್ಲಿಸಿದರು. ಆ ಮಾತು ಅವರಿಗೆ ತಾಕಿತು.

"ಅಲ್ಲ," ಎಂದರು ಕೊನೆಗೆ. "ಯಾರು ಬರ್ಬೇಕು, ಎಷ್ಟಕ್ಕೆ ಅನ್ನೋದು ನಿಂದು. ಬಂದೋರು ಹೆಂಗಿರ್ಬೇಕು ಅನ್ನೋದು ನಂದು. ನಿಂಗೆ ಹೇಳ್ದೇ ಇದ್ದಿದ್ದು ನಂದೇ ತಪ್ಪು. ಮುಂದೆ ಬೈದ್ರೆ ಫೋನು ಮಾಡ್ತೀನಿ."

"ಬೈದು ಆದ್ಮೇಲೆ ಫೋನಲ್ಲ. ಬೈಯೋಕೆ ಮುಂಚೆ."

"ಆಯ್ತು, ಮುಂಚೆ."

ಮಂಜುಶ್ರೀ ಕೂತು ಅವರೆಕಾಯಿಗೆ ಕೈ ಹಾಕಿದಳು. ದುಡ್ಡನ್ನು ಅವಳೇ ವಾಪಸ್ ಕಳಿಸಿದಳು. ಅತ್ತೆಯ ಪೆನ್ಷನ್ ಮುಟ್ಟಲಿಲ್ಲ. ಮದ್ಯ ತರುವ ಹಾಗಿಲ್ಲ, ಮನೆಯವರು ಜೊತೆಯಲ್ಲೇ ಇರುತ್ತಾರೆ ಎಂದು ಬುಕಿಂಗ್ ಮಾಡುವ ಕಡೆಯಲ್ಲೇ ಬರೆದಳು. ಆ ತಿಂಗಳು ಬರುವವರು ಕಡಿಮೆಯಾದರು. ಮಂಜುಶ್ರೀ ಬಾಯಿ ಕಚ್ಚಿ ಸಹಿಸಿಕೊಂಡಳು.

ಹಾಗಿರುವಾಗ ಒಂದು ಮಧ್ಯಾಹ್ನ ಪಾವಗಡದ ಕಡೆಯ ತಾಯಿ ಮಗಳು ಕೈಚೀಲ ಹಿಡಿದು ಬಾಗಿಲಿಗೆ ಬಂದರು. ತಾಯಿ ನಾಗಕ್ಕ, ರಾಯಚರ್ಲಿನವಳು. ಮಗಳು ಮಂಗಳಗೌರಿ ಡಿಗ್ರಿ ಓದುತ್ತಿದ್ದಳು. ಪರೀಕ್ಷೆಯ ಸೆಂಟರು ಮಧುಗಿರಿಗೆ ಬಿದ್ದಿತ್ತು.

"ಬೆಳಿಗ್ಗೆ ಬಸ್ಸು ಸಿಕ್ಕಲ್ಲಮ್ಮಾ. ಮೊನ್ನೆ ಒಂದು ಪರೀಕ್ಷೆಗೆ ಅರ್ಧ ಗಂಟೆ ಲೇಟಾಗೋಯ್ತು," ಎಂದಳು ನಾಗಕ್ಕ. "ಲಾಡ್ಜಿಗೆ ಹೋದ್ವಿ. ಅಲ್ಲಿ ನೋಡೋ ನೋಟ ಸರಿ ಇಲ್ಲ. ಬಸ್‌ಸ್ಟ್ಯಾಂಡಲ್ಲಿ ಹೂವ ಮಾರೋಳು ಹೇಳಿದ್ಳು, ಕೋಟೆ ಹತ್ರ ಒಬ್ಬ ಅಮ್ಮ ತಾನೇ ಇದ್ಕೊಂಡು ರೂಮು ಕೊಡ್ತಾಳೆ ಅಂತ. ನಾವು ಅಂಥ ದೊಡ್ಡೋರಲ್ಲ. ಎಂತಾ ಅಂಟಾರೋ ಏಮೋ, ಎಷ್ಟು ಕೇಳ್ತಾರೋ ಅಂದ್ಕೊಂಡೇ ಬಂದ್ವಿ."

ಶಿವರುದ್ರಮ್ಮ ಈ ಸಲ ಮೊದಲು ಸೊಸೆಗೆ ಫೋನು ಮಾಡಿದರು. ಮಂಜುಶ್ರೀ ಬಾಡಿಗೆ ಅರ್ಧ ಮಾಡಿ ಹೇಳಿದಳು. ಪರೀಕ್ಷೆ ಮುಗಿಯುವವರೆಗೆ ತಾಯಿ ಮಗಳು ಅಲ್ಲೇ ಇದ್ದರು. ಮಂಗಳಗೌರಿ ತಾರಸಿಯ ಮೇಲೆ ಓಡಾಡುತ್ತ ಓದುತ್ತಿದ್ದಳು. ನಾಗಕ್ಕ ಸುಮ್ಮನೆ ಕೂರಲಾರದೆ ಹಿತ್ತಿಲು ಗುಡಿಸಿ, ಸೊಪ್ಪು ಸೋಸಿ, ತಮ್ಮ ಹೊಲಗಳೆಲ್ಲ ಸೋಲಾರ್ ಪ್ಲೇಟಿನ ಕೆಳಗೆ ಹೋದ ಕತೆ ಹೇಳುತ್ತಿದ್ದಳು. ಕುರಿಗೆ ಮೇಯಲು ಜಾಗವಿಲ್ಲ, ಮಗಳಾದರೂ ಓದಿಕೊಳ್ಳಲಿ ಎನ್ನುತ್ತಿದ್ದಳು.

ಸುದ್ದಿ ಮಂಡಿಗೆ ಮುಟ್ಟಿತು. ಸೊಪ್ಪಿನ ಅಂಗಡಿಯ ಮುಂದೆ ಸಿಕ್ಕ ಹೆಂಡತಿಯನ್ನು ಬಸವಲಿಂಗಯ್ಯ ಪಕ್ಕಕ್ಕೆ ಕರೆದರು.

"ಯಾರೋ ಹಳ್ಳಿಯೋರು ಬಂದವ್ರಂತಲ್ಲ, ಅಡುಗೆಮನೆಗೂ ಬುಟ್ಟಿದೀಯಂತೆ. ಯಾವ ಜನ ಅವ್ರು?"

"ಪರೀಕ್ಷೆ ಬರೆಯೋ ಜನ."

"ನಾನು ಕೇಳಿದ್ದು ಅದಲ್ಲ."

"ನೀವು ಕೇಳಿದ್ದು ನಂಗೆ ಗೊತ್ತು. ನಾನು ಅವರನ್ನ ಕೇಳ್ಲಿಲ್ಲ, ಕೇಳದೂ ಇಲ್ಲ." ಶಿವರುದ್ರಮ್ಮ ದಂಟಿನ ಸೊಪ್ಪನ್ನು ಚೀಲಕ್ಕೆ ತುರುಕಿದರು. ಆಮೇಲೆ ಗಂಡನ ಮುಖ ನೋಡಿ, "ಸೊರಗಿದೀರ. ಉಣ್ತಿಲ್ವಾ?" ಎಂದರು.

"ಉಣ್ತೀನಿ. ನಿನ್ನ ಮಗ ಕಾಫಿ ಮಾಡ್ತಾನೆ, ಸೊಸೆ ಮುದ್ದೆ ಮಾಡ್ತಾಳೆ. ನಂಗೇನು ಕಮ್ಮಿ?" ಎಂದು ಹೊರಟುಹೋದರು.

ಅವರಿಗೆ ಹೆಂಡತಿಯಿಲ್ಲದೆ ಆಗುತ್ತಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಅದು ಕಾಣುತ್ತಿತ್ತು. ಸಂಜೆ ಟಿವಿ ಮುಂದೆ ಕೂತು ಅಭ್ಯಾಸದಲ್ಲಿ, "ಲೇ, ನೀರು ಕೊಡೆ," ಎಂದು ಕೂಗಿ, ಆಮೇಲೆ ತಾವೇ ಎದ್ದು ಹೋಗುತ್ತಿದ್ದರು. "ನೀವೂ ಹೋಗಿ ಅಲ್ಲೇ ಇರಿ ಅಪ್ಪ," ಎಂದು ಗೌರೀಶ ಒಮ್ಮೆ ಅಂದದ್ದಕ್ಕೆ ಎರಡು ದಿನ ಅವನೊಡನೆ ಮಾತು ಬಿಟ್ಟಿದ್ದರು.

ಶಂಕರಲಿಂಗಪ್ಪನಿಗೂ ಅದು ಕಂಡಿತ್ತು. ಇಬ್ಬರೂ ಒಂದೇ ಸ್ಕೂಲಿನಲ್ಲಿ ಓದಿದವರು. ಒಂದು ಸಂಜೆ ಮಂಡಿಗೆ ಬಂದು, ಹುಣಸೆಹಣ್ಣಿನ ಮೂಟೆಗೆ ಒರಗಿ ಕೂತು ಹೇಳಿದರು.

"ನಂಗೆ ನಿನ್ನ ಮನೆಯೋಳ ಮೇಲೆ ಸಿಟ್ಟಿಲ್ಲ ಬಸವಲಿಂಗಣ್ಣ. ಅವಳು ಬಂದ್ಮೇಲೆ ಬೀದೀಲಿ ಗಲಾಟೆಯೂ ಇಲ್ಲ. ಆದ್ರೆ ನಿನ್ನ ನೋಡಕಾಗ್ತಿಲ್ಲ. ಪುರಸಭೆಯೋನು ಇವತ್ತಲ್ಲ ನಾಳೆ ಬಂದು ವಿಚಾರಿಸ್ತಾನೆ. ನಿನ್ನೂ ಕೇಳ್ತಾನೆ. ಅವಳು ನನ್ನ ಜೊತೆ ಬಡಾವಣೇಲಿದಾಳೆ ಅಂದ್ಬುಡು. ಪರವಾನಗಿ ಹೋಯ್ತದೆ, ಅವಳು ಟ್ರಂಕು ಎತ್ಕೊಂಡು ಮನೆಗೆ ಬತ್ತಾಳೆ. ಒಂದೇ ಮಾತು."

ಬಸವಲಿಂಗಯ್ಯ ಆಗಲಿ ಅನ್ನಲಿಲ್ಲ. ಬೇಡ ಅನ್ನಲೂ ಇಲ್ಲ.

ಅಂಜನ್ ಕುಮಾರ್ ಬಂದದ್ದು ಶಿವರುದ್ರಮ್ಮ ಊರಲ್ಲಿಲ್ಲದ ದಿನ. ಶಿರಾ ತಾಲ್ಲೂಕಿನ ಬರಗೂರಿನಲ್ಲಿ ಅವರ ದೊಡ್ಡಮ್ಮನ ಮಗಳು ತೀರಿಕೊಂಡಿದ್ದರು. ಹಿಂದಿನ ದಿನವೇ ಮಣ್ಣಿಗೆ ಹೋದವರು ಅಲ್ಲೇ ಉಳಿದಿದ್ದರು. ಮನೆಯಲ್ಲಿ ಮಂಜುಶ್ರೀ ಒಬ್ಬಳೇ ಇದ್ದಳು.

"ಮಾಲೀಕರು?"

"ಸಾವಿಗೆ ಹೋಗಿದಾರೆ ಸಾರ್. ಸಂಜೆ ಬರ್ತಾರೆ. ನಿಜ ಹೇಳ್ತಿದೀನಿ." ಹೇಳುತ್ತಿದ್ದಂತೆಯೇ ಗಂಡ ಅವತ್ತು ಊಟದ ಹೊತ್ತಿನಲ್ಲಿ ಹೇಳಿಕೊಟ್ಟ ಸುಳ್ಳಿನ ಹಾಗೆಯೇ ಇದು ಕೇಳಿಸುತ್ತಿದೆ ಎಂದು ಅವಳಿಗೆ ಅನ್ನಿಸಿತು. ಕೋಣೆ ತೋರಿಸಿದಳು. ಹಾಸಿಗೆ, ಟ್ರಂಕು, ಪೂಜೆಯ ಜಾಗ, ಕಿಟಕಿಯಲ್ಲಿ ಕಾಲುನೋವಿನ ಎಣ್ಣೆ.

ಅಂಜನ್ ಕುಮಾರ್ ಎಲ್ಲ ನೋಡಿದ. "ಇವನ್ನೆಲ್ಲ ಯಾರು ಬೇಕಾದ್ರೂ ತಂದಿಡ್ಬೋದು ಮೇಡಂ. ಬೇರೆ ಊರ ಕಡೆ ಇಂಥವು ಬಹಳ ನೋಡಿದೀನಿ. ಅವರ ರೇಷನ್ ಕಾರ್ಡು, ವೋಟು ಎರಡೂ ಬಡಾವಣೇಲಿದೆ. ಅವರ ಯಜಮಾನ್ರು ಎಲ್ಲಿ ಸಿಗ್ತಾರೆ?"

ಮಂಜುಶ್ರೀ ಮಂಡಿಯ ದಾರಿ ಹೇಳಿದಳು. ಅವನು ಬೈಕು ಹತ್ತಿದ ಕೂಡಲೇ ಗೌರೀಶನಿಗೆ ಫೋನು ಮಾಡಿದಳು. "ಮಾವನ್ನ ಕೇಳೋಕೆ ಹೋದ್ರು. ಮುಗೀತು ಕಣ್ರೀ."

ಗೌರೀಶ ಅಂಗಡಿಯನ್ನು ಹಾಗೇ ಬಿಟ್ಟು ಮಂಡಿಗೆ ಓಡಿದ. ಅವನು ಮುಟ್ಟುವ ಹೊತ್ತಿಗೆ ಅಂಜನ್ ಕುಮಾರ್ ಗಲ್ಲಾಪೆಟ್ಟಿಗೆಯ ಮುಂದಿನ ಸ್ಟೂಲಿನಲ್ಲಿ ಕೂತಿದ್ದ. ಶಂಕರಲಿಂಗಪ್ಪನೂ ಅಲ್ಲೇ ಇದ್ದರು.

"ಅಪ್ಪಾ..." ಎಂದು ಗೌರೀಶ ಬಾಯಿ ತೆಗೆದ.

"ನೀನು ಸುಮ್ನಿರು. ನನ್ನ ಕೇಳ್ತಾವ್ರೆ."

"ಯಜಮಾನ್ರೆ, ಮತ್ತೇನಿಲ್ಲ," ಎಂದ ಅಂಜನ್ ಕುಮಾರ್. "ನಿಮ್ಮ ಶ್ರೀಮತಿ ಶಿವರುದ್ರಮ್ಮನವರು ಎಲ್ಲಿ ವಾಸ ಇದಾರೆ? ನೀವು ಹೇಳೋದನ್ನೇ ವರದೀಲಿ ಬರೀತೀನಿ."

ಬಸವಲಿಂಗಯ್ಯ ತಕ್ಕಡಿಯ ಮೇಲಿದ್ದ ಹುಣಸೆಹಣ್ಣಿನ ಉಂಡೆಯನ್ನು ಎತ್ತಿ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡರು. ಶಂಕರಲಿಂಗಪ್ಪ ಅವರನ್ನೇ ನೋಡುತ್ತಿದ್ದರು.

"ನನ್ನ ಜೊತೇಲಿಲ್ಲ," ಎಂದರು. "ಕೋಟೆ ಹತ್ರದ ಮನೇಲವ್ಳೆ. ಅವಳ ಮನೇಲಿ."

"ಅಂದ್ರೆ ಪೂರ್ತಿ ಅಲ್ಲೇ?"

"ಪೂರ್ತಿ ಅಲ್ಲೇ. ದೀಪಾವಳಿ ಕಳೆದ್ಮೇಲೆ ಹೋದೋಳು ನಮ್ಮನೇಲಿ ಒಂದು ದಿನವೂ ಮಲಗಿಲ್ಲ. ಬರ್ಕೊಳ್ಳಿ. ಬೇಕಾದ್ರೆ ಇವನನ್ನ ಕೇಳಿ, ಪಕ್ಕದ ಮನೆಯೋನು. ದಿನಾ ಬೆಳಿಗ್ಗೆ ಅವಳು ನೀರು ಹಾಕೋದು ಕಂಡಿರ್ತಾನೆ." ಅವರು ಶಂಕರಲಿಂಗಪ್ಪನ ಕಡೆ ತಿರುಗಿದರು. "ಕಂಡಿದೀಯ ಇಲ್ವೇನೋ?"

ಶಂಕರಲಿಂಗಪ್ಪ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡರು. "ಕಂಡಿದೀನಿ," ಎಂದರು.

ಅಂಜನ್ ಕುಮಾರ್ ಇಬ್ಬರ ಸಹಿ ತೆಗೆದುಕೊಂಡು, "ಹಂಗಾದ್ರೆ ಪರವಾನಗಿ ಮುಂದುವರಿಯುತ್ತೆ," ಎಂದು ಹೊರಟ. "ಅಪ್ಪ, ಟೀ ತರಿಸ್ಲಾ?" ಎಂದ ಗೌರೀಶ. ಬಸವಲಿಂಗಯ್ಯ ಬೇಡವೆಂದು ಕೈಯಾಡಿಸಿದರು.

ಸಂಜೆ ಶಿವರುದ್ರಮ್ಮ ಬರಗೂರಿನಿಂದ ಬಂದು ಸ್ನಾನ ಮಾಡುವವರೆಗೂ ಮಂಜುಶ್ರೀ ತಡೆದುಕೊಂಡಿದ್ದಳು. ಆಮೇಲೆ ಎಲ್ಲ ಒಂದೇ ಉಸಿರಿಗೆ ಹೇಳಿದಳು. ಶಿವರುದ್ರಮ್ಮ ಒದ್ದೆ ಕೂದಲಲ್ಲೇ ಕೇಳುತ್ತ ಕೂತರು. ಮಾರನೆಯ ದಿನ ಮಂಡಿ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿ ನಿಂತಿದ್ದರು.

"ಬಡಾವಣೇಲೇ ಅವ್ಳೆ ಅಂದಿದ್ರೆ ನಾನು ವಾಪಸ್ ಬರ್ಬೇಕಾಗಿತ್ತು. ಯಾಕೆ ಅನ್ನಲಿಲ್ಲ?"

"ನೀನು ಬರ್ತಿದ್ದೆ." ಬಸವಲಿಂಗಯ್ಯ ಬೀಗ ತೆಗೆಯುತ್ತ ಅಂದರು. "ಬಂದು ಮುದ್ದೆ ತಿರುವಿ ಕೊಡ್ತಿದ್ದೆ. ನನ್ನ ಮುಖ ನೋಡ್ತಿದ್ಯಾ?"

ಶಿವರುದ್ರಮ್ಮ ಯೋಚಿಸಿ, "ಇಲ್ಲ," ಎಂದರು.

"ಮತ್ತಿನ್ನೇನು? ಅಲ್ದೆ ಅವನು ಕೇಳಿದ್ದು ಎಲ್ಲವ್ಳೆ ಅಂತ. ಎಲ್ಲಿರ್ಬೇಕು ಅಂತಲ್ಲ."

"ನಂಗೂ ಒಬ್ಳೇ ಉಣ್ಣೋದು ರುಚಿಸಲ್ಲ," ಎಂದರು ಶಿವರುದ್ರಮ್ಮ. "ಆದ್ರೂ ವಾಪಸ್ ಬರಲ್ಲ. ಅದನ್ನ ಹೇಳಿ ಹೋಗಣ ಅಂತ ಬಂದೆ. ಮಧ್ಯಾಹ್ನ ಅವರೆಕಾಳಿನ ಸಾರು ಮಾಡ್ತೀನಿ."

ಅವರು ಉತ್ತರಕ್ಕೆ ಕಾಯದೆ ಹೊರಟುಬಂದರು.

ಮಧ್ಯಾಹ್ನ ಬಸವಲಿಂಗಯ್ಯ ಬಂದರು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ತಾವೇ ಪಾಲಿಗೆ ಪಡೆದ ಮನೆಯ ಗೋಡೆ, ಹೊಸ ಬಣ್ಣ, ದೀಪ ಎಲ್ಲವನ್ನೂ ನೋಡಿದರು. ಮಂಜುಶ್ರೀ ಕೈತೊಳೆಯಲು ನೀರು ಕೊಟ್ಟಳು. ನಡುಮನೆಯಲ್ಲಿ ಚಾಪೆ ಹಾಸಿದಳು.

"ದಿನಾ ಬತ್ತೀನಿ ಅಂದ್ಕೊಬ್ಯಾಡ," ಎಂದರು ಅವರು ಅಡುಗೆಮನೆಯ ಕಡೆಗೆ. ಶಿವರುದ್ರಮ್ಮ ಬಿಸಿ ಮುದ್ದೆ ತಂದಿಟ್ಟು, ಸಾರಿಗೆ ತುಪ್ಪ ಬಿಟ್ಟರು. ಬಸವಲಿಂಗಯ್ಯ ತಲೆ ಬಗ್ಗಿಸಿ ಉಂಡರು. ಎರಡನೆಯ ಮುದ್ದೆಗೂ ಬೇಡ ಅನ್ನಲಿಲ್ಲ. ಶಿವರುದ್ರಮ್ಮ ಮತ್ತೆ ಸಾರು ತರಲು ಒಳಗೆ ಹೋದರು.

ಅಷ್ಟರಲ್ಲಿ ಬಾಗಿಲಲ್ಲಿ ಸದ್ದಾಯಿತು. ಕೊಡಿಗೇನಹಳ್ಳಿಯ ಕಡೆಯ ಇಬ್ಬರು ಟೀಚರುಗಳು ಬ್ಯಾಗು ಹಿಡಿದು ನಿಂತಿದ್ದರು. ಯಾವುದೋ ತರಬೇತಿಗೆ ಬಂದವರು.

"ಸಾರ್, ಇಲ್ಲಿ ಹೆಂಗಸರಿಗೆ ರೂಮು ಸಿಗುತ್ತೆ ಅಂದ್ರು," ಎಂದಳು ಒಬ್ಬಳು. "ಓನರು ನೀವೇನಾ?"

ಬಸವಲಿಂಗಯ್ಯ ಬಾಯಲ್ಲಿದ್ದ ತುತ್ತನ್ನು ನುಂಗಿದರು.

"ನಾನು ಊಟ ಮಾಡೋಕೆ ಬಂದೋನಮ್ಮ," ಎಂದು ಎಡಗೈಯಿಂದ ಒಳಗೆ ತೋರಿಸಿದರು. "ಮನೆಯೋರು ಒಳಗವ್ರೆ. ಅವರನ್ನ ಕೇಳಿ."